ಶಿಸ್ತಿನ ತುಕ್ಕು

ಬೆಳಿಗ್ಗೆ ಎದ್ದು ಒಲೆ ಹಚ್ಚುವ ಮೊದಲು ನಾನು ಅಡುಗೆಮನೆಯ ಮೂಲೆಯಲ್ಲಿ ಕಣ್ಣು ಮುಚ್ಚಿ, ಕೈ ಮುಗಿದು ಸ್ವಲ್ಪ ಹೊತ್ತು ಕೂರುತ್ತೇನೆ. ಜ್ವರ ಬಂದ ದಿನವೂ ಇದನ್ನು ತಪ್ಪಿಸಿದವಳಲ್ಲ. ಏನನ್ನೂ ಬೇಡುವುದಿಲ್ಲ. ಲೋಕದವರೆಲ್ಲ ದೇವರ ಕಿವಿಗೆ ಬಾಯಿಟ್ಟು ಕೂತಿರುವಾಗ, ಅವನ ಮಾತು ಕೇಳುವುದಕ್ಕೆ ಒಬ್ಬಳಾದರೂ ಇರಲಿ ಎಂದು ಸುಮ್ಮನೆ ಕೇಳುತ್ತಾ ಕೂರುತ್ತೇನೆ. ಅವನೂ ಸುಮ್ಮನಿರುತ್ತಾನೆ. ಹೀಗಾಗಿ ನಮ್ಮಿಬ್ಬರ ನಡುವೆ ಇಲ್ಲಿಯವರೆಗೆ ಒಂದು ಭಿನ್ನಾಭಿಪ್ರಾಯವೂ ಬಂದಿಲ್ಲ.

ಆ ಬುಧವಾರ ಮಾತ್ರ ಕಣ್ಣು ಬಿಡುವಷ್ಟರಲ್ಲಿ ನನ್ನೊಳಗೊಂದು ಮಹಾಸಂಕಲ್ಪ ಮೂಡಿತು. ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿರುವ ಅಷ್ಟೂ ತುಕ್ಕಿಗೆ ಈ ದಿನ ನನ್ನ ಕೈಯಿಂದಲೇ ಮುಕ್ತಿ! ಇದು ದೇವರೇ ಕೊಟ್ಟ ಅಪ್ಪಣೆ ಎಂದುಕೊಂಡೆ. ಆಮೇಲೆ ಕೂತು ಯೋಚಿಸಿದಾಗ, ಅವನು ಎಂದಿನಂತೆ ಅವತ್ತೂ ಸುಮ್ಮನೇ ಇದ್ದ ಎಂಬುದು ನೆನಪಾಯಿತು.

ಪೆಟ್ಟಿಗೆಯಲ್ಲಿ ಇದ್ದದ್ದು ನಮ್ಮ ಮಾವನವರ ಕಾರಿನ ಸಾಮಾನು. ಮಾವನವರ ಕಾರು ಅನ್ನುವುದು ಮಾತಿಗೆ. ಅವರು ಅದನ್ನು ಕೊಂಡರು, ಒರೆಸಿದರು, ಪಕ್ಕದ ಸೀಟಿನಲ್ಲಿ ಕೂತು ಬೀದಿಯವರಿಗೆ ಕೈ ಬೀಸಿದರು. ಓಡಿಸಿದವರು ಅತ್ತೆ. ಸ್ಟೇರಿಂಗ್ ಮುಟ್ಟಿದರೆ ಮಾವನವರ ಕೈ ನಡುಗುತ್ತಿತ್ತಂತೆ. ಅವರು ತೀರಿಕೊಂಡ ಮೇಲೆ ಕಾರು ಶೆಡ್ಡು ಸೇರಿತು, ಅತ್ತೆ ಒಳಮನೆ ಸೇರಿದರು. ಇಬ್ಬರಿಗೂ ಕೀಲು ಹಿಡಿಯಿತು.

ಈಗ ವಿಷಯ ಏನೆಂದರೆ, ಅತ್ತೆಯ ಲೈಸೆನ್ಸು ಆ ಭಾನುವಾರಕ್ಕೆ ಮುಗಿಯುತ್ತಿತ್ತು. ಮತ್ತೆ ಮಾಡಿಸುವುದಿಲ್ಲ ಎಂದು ಅವರೇ ತೀರ್ಮಾನಿಸಿದ್ದರು. "ಆಫೀಸಿನವ್ರು ಬೇಡ ಅಂದಮೇಲೆ ಬಿಡೋದಕ್ಕಿಂತ, ನಾನಾಗೇ ಬಿಟ್ಟೆ ಅನ್ನೋದು ಮರ್ಯಾದೆ," ಎಂದಿದ್ದರು. ಆದರೆ ಬಿಡುವ ಮುಂಚೆ ಒಂದೇ ಒಂದು ಸಲ ಆ ಕಾರನ್ನು ಮನೆಯಿಂದ ಕೆರೆ ಏರಿಯವರೆಗೆ ಓಡಿಸಿಕೊಂಡು ಬರಬೇಕು. ಅವರು ಈ ಮನೆಯಲ್ಲಿ ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದೇ.

ಅದಕ್ಕೇ ನಮ್ಮ ಯಜಮಾನರು ತಿಂಗಳುಗಟ್ಟಲೆ ಭಾನುವಾರಗಳನ್ನು ಶೆಡ್ಡಿಗೆ ಅರ್ಪಿಸಿದ್ದರು. ಅವರು ಲಿಫ್ಟ್ ರಿಪೇರಿ ಮಾಡುವವರು; ಜನರನ್ನು ಮೇಲಕ್ಕೂ ಕೆಳಕ್ಕೂ ಕಳಿಸುವುದು ಅವರ ಕಸುಬು, ನನ್ನನ್ನು ಮಾತ್ರ ಇದ್ದಲ್ಲೇ ಇರಿಸಿದ್ದಾರೆ. ಎಂಜಿನ್ನು ಬಿಚ್ಚಿದರು, ಜೋಡಿಸಿದರು, ಅದು ಕೆಮ್ಮಿತು, ಉಗುಳಿತು, ಕೊನೆಗೆ ಓಡಿತು. ಬ್ರೇಕು ಹೊಸದಾಯಿತು. ಉಳಿದದ್ದು ಆ ಪೆಟ್ಟಿಗೆ ಮಾತ್ರ: ಬಾನೆಟ್ಟಿನ ಕೀಲುಗಳು, ಅದರ ಚಿಲಕ, ಬಂಪರ್ ಹಿಡಿದುಕೊಳ್ಳುವ ಪಟ್ಟಿಗಳು, ದೀಪದ ಸುತ್ತಿನ ಬಳೆಗಳು, ಸೀಟು ಹಿಂದೆ ಮುಂದೆ ಜಾರುವ ಹಳಿಗಳು. ಬುಧವಾರ ಬೆಳಿಗ್ಗೆಯೇ ಅವರು ಬೇರೊಂದು ಊರಿನ ಕೆಟ್ಟ ಲಿಫ್ಟಿಗೆ ವೈದ್ಯರಾಗಿ ಹೊರಟರು. ಶುಕ್ರವಾರ ಸಂಜೆ ಬರುತ್ತೇನೆ, ಬರುತ್ತಾ ಬಣ್ಣ ತರುತ್ತೇನೆ, ಶನಿವಾರ ಎಲ್ಲ ಮುಗಿಸುತ್ತೇನೆ ಎಂದು ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು.

ಅವರು ಹೋದ ಮೇಲೆ ಪೆಟ್ಟಿಗೆ ತೆರೆದು ನೋಡಿದೆ. ಕಾರಿನಿಂದ ಬಿಚ್ಚಿದ ದಿನ ಈ ಸಾಮಾನು ಕೆಂಪಗಿತ್ತು. ಈಗಲೂ ಕೆಂಪಗೇ ಇದೆ. ಹಾಗಾದರೆ ಇಷ್ಟು ಭಾನುವಾರ ಈ ಮನುಷ್ಯ ಅಲ್ಲಿ ಕೂತು ಮಾಡಿದ್ದೇನು? ಅದರಲ್ಲೂ ಅದು ಅಂತಿಂಥ ತುಕ್ಕಲ್ಲ. ಬಹಳ ಶಿಸ್ತಿನ ತುಕ್ಕು. ಒಂದು ಮೂಲೆ ಬಿಟ್ಟಿಲ್ಲ, ಒಂದು ತೂತಿನ ಒಳಗನ್ನೂ ಬಿಟ್ಟಿಲ್ಲ, ಎಲ್ಲ ಕಡೆ ಒಂದೇ ಸಮ, ಒಂದೇ ಬಣ್ಣ. ನನ್ನ ಜನ್ಮದಲ್ಲಿ ಇಷ್ಟು ಅಚ್ಚುಕಟ್ಟಾದ ತುಕ್ಕನ್ನು ನಾನು ನೋಡಿರಲಿಲ್ಲ. ಇದು ಹಳೇ ಕಾಯಿಲೆ, ಬುಡಸಮೇತ ಕೀಳಬೇಕು ಎಂದುಕೊಂಡೆ.

ನಾನು ಶಾಲೆಗೆ ಹೋದದ್ದು ಕಡಿಮೆ. ಕಲಿತದ್ದೆಲ್ಲ ಕೇಳಿ ಕೇಳಿ. ನಲ್ಲಿ ಸೋರಿದರೆ, ಮಿಕ್ಸಿ ನಿಂತರೆ, ಇಸ್ತ್ರಿಪೆಟ್ಟಿಗೆ ಕಿಡಿ ಕಾರಿದರೆ ಯಾರನ್ನಾದರೂ ಕೇಳುತ್ತೇನೆ, ಅವರು ಹೇಳಿದ್ದನ್ನು ಕೊನೆಯವರೆಗೂ ಕೇಳುತ್ತೇನೆ, ಆಮೇಲೆ ಮಾಡುತ್ತೇನೆ. ಕೇಳುವವರು ಕಡಿಮೆ ಇರುವ ಈ ಪ್ರಪಂಚದಲ್ಲಿ ನನ್ನ ಹತ್ತಿರ ಹೇಳಿಕೊಳ್ಳುವವರಿಗೆ ಬರವಿಲ್ಲ. ತುಕ್ಕಿನ ವಿಷಯ ಎತ್ತಿದ್ದೇ ತಡ, ಎದುರುಮನೆಯ ದಂತವೈದ್ಯೆ ಗೇಟಿನ ಮೇಲೆ ಮೊಣಕೈಯೂರಿ ಒಂದು ಉಪನ್ಯಾಸವನ್ನೇ ಕೊಟ್ಟರು. ವಿನೆಗರಿನಲ್ಲಿ ಮುಳುಗಿಸಿಡಿ, ಹಳೇ ಬ್ರಷ್ಷಿನಿಂದ ಸಂದಿಗೊಂದಿ ತಿಕ್ಕಿ, ಅವಸರ ಮಾಡಬೇಡಿ, ಹಲ್ಲಿಗೂ ತುಕ್ಕಿಗೂ ತಾಳ್ಮೆಯೇ ಔಷಧಿ ಎಂದರು. ಹಾರ್ಡ್‌ವೇರ್ ಅಂಗಡಿಯವನದು ಬೇರೆಯೇ ಸಿದ್ಧಾಂತ. ತಂತಿ ಬ್ರಷ್ಷು, ಉಪ್ಪುಕಾಗದ, ತೋಳಿನ ಬಲ, ಮಿಕ್ಕಿದ್ದೆಲ್ಲ ಸುಳ್ಳು ಎಂದ. ಅತ್ತೆಯನ್ನು ಕೇಳಿದರೆ, ಎಂಥ ಜಿಡ್ಡಾದರೂ ಬಟ್ಟೆಸೋಡಾ ಹಾಕಿ ಕುದಿಸಿದರೆ ಬಿಡುತ್ತದೆ ಎಂದರು. ಯಾವುದರ ಜಿಡ್ಡು ಎಂದು ಅವರು ಕೇಳಲಿಲ್ಲ; ಅಚ್ಚರಿಯಾಗಿ ಇರಲಿ ಎಂದು ನಾನೂ ಹೇಳಲಿಲ್ಲ.

ಮೂವರಲ್ಲಿ ಯಾರ ಮಾತನ್ನು ತೆಗೆದುಹಾಕುವುದು? ಹೇಳಿದವರಿಗೆ ಬೇಸರವಾಗುವುದಿಲ್ಲವೇ? ಮೂರನ್ನೂ ಮಾಡಿದೆ.

ಮೊದಲು ದೊಡ್ಡ ಪಾತ್ರೆಯಲ್ಲಿ ಬಟ್ಟೆಸೋಡಾ ಹಾಕಿ ಕಾರಿನ ಅಂಗಾಂಗಗಳನ್ನು ಕುದಿಸಿದೆ. ಮನೆ ತುಂಬ ಎಂಥದೋ ವಾಸನೆ. ಹೊತ್ತು ಹೋದಂತೆ ತುಕ್ಕು ಬೆಂದ ಈರುಳ್ಳಿಯ ಸಿಪ್ಪೆಯ ಹಾಗೆ ಪದರಪದರವಾಗಿ ಎದ್ದು ತೇಲತೊಡಗಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ತುಕ್ಕು ಸಿಪ್ಪೆಯಾಗಿ ಏಳುವುದು ಉಂಟೇ ಎಂದು ಒಂದು ಕ್ಷಣ ಅನ್ನಿಸಿತು ನಿಜ. ಆದರೆ ಗೆಲ್ಲುತ್ತಿರುವ ಸೇನಾಪತಿ ಶತ್ರು ಯಾಕೆ ಓಡುತ್ತಿದ್ದಾನೆ ಎಂದು ವಿಚಾರಿಸುತ್ತಾ ನಿಲ್ಲುವುದಿಲ್ಲ. ಸಿಪ್ಪೆ ಬಿಡದಿದ್ದ ಕಡೆ ತಂತಿ ಬ್ರಷ್ಷು ಹಿಡಿದೆ. ಗುರುವಾರ ಮಧ್ಯಾಹ್ನದವರೆಗೆ ತಿಕ್ಕಿದೆ. ಕೈ, ಮೂಗು, ಹುಬ್ಬು ಎಲ್ಲ ಕೆಂಪು. ಅಂಚೆಯವನು ಬಾಗಿಲಲ್ಲಿ ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದು ಕಾಗದವನ್ನು ಕಿಟಕಿಯಲ್ಲಿಟ್ಟು ಹೋದ.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಅಷ್ಟಕ್ಕೇ ನಿಲ್ಲುತ್ತಿತ್ತು. ಆದರೆ ದಂತವೈದ್ಯೆಯ ಮಾತು ಬಾಕಿ ಇತ್ತಲ್ಲ. ಬಚ್ಚಲಿನ ದೊಡ್ಡ ಬಕೆಟ್ಟಿಗೆ ವಿನೆಗರ್ ಸುರಿದು ಎಲ್ಲವನ್ನೂ ಅದರಲ್ಲಿ ಮಲಗಿಸಿದೆ. ಪೆಟ್ಟಿಗೆಯ ತಳದಲ್ಲಿ ಎಣ್ಣೆಕಾಗದದಲ್ಲಿ ಸುತ್ತಿದ್ದ ಎರಡು ಪುಟ್ಟ ಸ್ಪ್ರಿಂಗುಗಳೂ ಸಿಕ್ಕಿದವು, ಸೀಟನ್ನು ಹಳಿಯ ಮೇಲೆ ಹಿಡಿದು ನಿಲ್ಲಿಸುವಂಥವು. ಅವಕ್ಕೆ ತುಕ್ಕೇ ಇರಲಿಲ್ಲ, ಫಳಫಳ ಹೊಳೆಯುತ್ತಿದ್ದವು. ಆದರೂ ಪಂಕ್ತಿಭೇದ ಮಾಡಬಾರದೆಂದು ಅವುಗಳಲ್ಲೊಂದನ್ನು ಹಾಕಿದೆ. ಇನ್ನೊಂದು ನನ್ನ ಕೈ ಜಾರಿ ಸೋಪಿನ ಪೆಟ್ಟಿಗೆಯ ಹಿಂದೆ ಬಿತ್ತು. ಆ ಮನೆಯಲ್ಲಿ ಆ ದಿನ ಬದುಕುಳಿದದ್ದು ಅದೊಂದೇ.

ಶುಕ್ರವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದಾಗ ಬಚ್ಚಲಿನಿಂದ ಒಂದು ಮಗ್ಗು ಬಿದ್ದ ಸದ್ದು. ಆಮೇಲೆ ಅತ್ತೆಯ ದನಿ, ಬಹಳ ನಿಧಾನವಾಗಿ.

"ಒಂದು ಮಾತು ಕೇಳ್ತೀನಿ, ನಿಜ ಹೇಳು. ನನ್ನನ್ನ ಉಪ್ಪಿನಕಾಯಿ ಹಾಕ್ತಾ ಇದ್ದೀಯಾ?"

ನಾನು ಬಕೆಟ್ಟಿನ ಮೇಲೆ ಒಂದು ತಟ್ಟೆ ಮುಚ್ಚಿದ್ದೆ. ಸೊಸೆ ತನಗಾಗಿ ನೀರು ತೋಡಿಟ್ಟು ಮುಚ್ಚಿದ್ದಾಳೆ, ಎಂಥ ಅಕ್ಕರೆ ಎಂದು ಅವರು ಒಂದು ಮಗ್ಗು ತಲೆಗೆ ಸುರಿದುಕೊಂಡಿದ್ದರು. ಕಣ್ಣಿಗೆ ಹೋಗಲಿಲ್ಲ, ಪುಣ್ಯ. ಹಂಡೆಯಲ್ಲಿದ್ದ ಬಿಸಿನೀರಷ್ಟನ್ನೂ ಅವರ ತಲೆಗೆ ಹುಯ್ದೆ, ಸೋಪು ಮುಗಿಯುವವರೆಗೂ ತಿಕ್ಕಿದೆ. ಮುಚ್ಚಿಟ್ಟ ಗುಟ್ಟು ಬಯಲಾಯಿತು. ಬಕೆಟ್ಟಿನ ತಳದಲ್ಲಿದ್ದ ಕಬ್ಬಿಣವನ್ನು ಬಗ್ಗಿ ನೋಡಿ ಅವರ ಮುಖ ಅರಳಿತು.

"ನನಗೋಸ್ಕರ ಮಾಡಿದ್ಯಾ?" ಎಂದರು.

"ಮತ್ತೆ? ಭಾನುವಾರ ಹತ್ತಿರ ಬಂತಲ್ಲ ಅತ್ತೆ."

ಅವರು ಅಷ್ಟು ವಾಸನೆಯ ನಡುವೆಯೂ ನನ್ನ ಕೆನ್ನೆ ತಟ್ಟಿದರು. ಆ ಗಳಿಗೆಯಲ್ಲಿ ನಾನು ಎಷ್ಟು ಉಬ್ಬಿದೆ ಎಂದರೆ, ಬಚ್ಚಲಿನ ಬಾಗಿಲಿಂದ ಹೊರಗೆ ಬರಲು ಓರೆಯಾಗಬೇಕಾಯಿತು.

ಸಾಮಾನನ್ನೆಲ್ಲ ನೀರಲ್ಲಿ ತೊಳೆದೆ. ಬೆಳ್ಳಗೆ, ಬೆತ್ತಲೆಯಾಗಿ, ಆಗ ಹುಟ್ಟಿದ ಕೂಸಿನ ಹಾಗೆ ಹೊಳೆಯಿತು. ಅತ್ತೆಯ ಬಿಳಿ ಟವಲುಗಳನ್ನು ಮಹಡಿಯ ಮೇಲೆ ಹಾಸಿ, ಒಂದೊಂದನ್ನೂ ಬಿಡಿಸಿ ಸಾಲಾಗಿ ಒಣಗಲು ಇಟ್ಟೆ. ಒರೆಸಲಿಲ್ಲ. ಸೂರ್ಯ ಇರುವುದು ಯಾತಕ್ಕೆ? ಕೆಳಗೆ ಬಂದು ಅಡುಗೆ ಮುಗಿಸಿ, ಊಟ ಮಾಡಿ, ಗೆದ್ದವರ ನಿದ್ದೆ ಮಾಡಿದೆ.

ಎದ್ದು ಮಹಡಿಗೆ ಹೋದರೆ ಎಲ್ಲ ಕೆಂಪಗಿತ್ತು.

ಯಾರೋ ಬಂದು ಬದಲಾಯಿಸಿ ಹೋಗಿದ್ದಾರೆ ಎಂದೇ ನಾನು ಭಾವಿಸಿದ್ದು. ಹತ್ತಿರ ಹೋಗಿ ಮುಟ್ಟಿದೆ. ಬೆರಳಿಗೆ ಕಿತ್ತಳೆ ಬಣ್ಣದ ಪುಡಿ ಅಂಟಿತು. ಈ ಸಲದ ತುಕ್ಕಿಗೆ ಶಿಸ್ತು ಎಂಬುದೇ ಇರಲಿಲ್ಲ. ಇಲ್ಲಿ ಚುಕ್ಕೆ, ಅಲ್ಲಿ ಮಚ್ಚೆ, ಇನ್ನೊಂದು ಕಡೆ ಭೂಪಟ. ಟವಲು ಎತ್ತಿದರೆ ಅದರ ಮೇಲೆ ಬಾನೆಟ್ಟಿನ ಕೀಲಿನಿಂದ ಹಿಡಿದು ದೀಪದ ಬಳೆಯವರೆಗೆ ಒಂದೊಂದರ ಚಿತ್ರವೂ ಅಚ್ಚಾಗಿತ್ತು. ರಾತ್ರಿಯಿಡೀ ವಿನೆಗರಿನಲ್ಲಿ ನೆಂದಿದ್ದ ಸ್ಪ್ರಿಂಗನ್ನು ಎತ್ತಿಕೊಂಡೆ, ಅದು ಒಣಕಡ್ಡಿಯ ಹಾಗೆ ಲಟಕ್ಕೆಂದು ಎರಡಾಯಿತು. ಅಷ್ಟರಲ್ಲಿ ಕೆಳಗೆ ಗೇಟಿನ ಸದ್ದಾಯಿತು. ಯಜಮಾನರು ಬಣ್ಣದ ಡಬ್ಬಿ ಹಿಡಿದು, ಸಣ್ಣಗೆ ಶಿಳ್ಳೆ ಹಾಕುತ್ತಾ ಬರುತ್ತಿದ್ದರು.

"ಪೆಟ್ಟಿಗೆ ಎಲ್ಲಿ?" ಎಂದರು.

"ಮಹಡಿ ಮೇಲೆ. ತುಕ್ಕು ತೆಗೆದೆ ರೀ. ಸ್ವಲ್ಪ ವಾಪಸ್ ಬಂದಿದೆ."

"ಯಾವ ತುಕ್ಕು?"

"ಅದೇ, ಎಲ್ಲದರ ಮೇಲೂ ಕೆಂಪಗಿತ್ತಲ್ಲ."

ಅವರು ಬಣ್ಣದ ಡಬ್ಬಿಯನ್ನು ನಿಧಾನವಾಗಿ ಕೆಳಗಿಟ್ಟರು. ಆಮೇಲೆ ಮೆಟ್ಟಿಲ ಮೇಲೆ ತಾವೂ ಕೂತರು. ಬಹಳ ಹೊತ್ತು ನನ್ನ ಹುಬ್ಬನ್ನೇ ನೋಡಿದರು, ಅಲ್ಲಿ ಇನ್ನೂ ಕೆಂಪು ಉಳಿದಿತ್ತು.

"ಅದು ತುಕ್ಕಲ್ಲ ಕಣೇ. ಪ್ರೈಮರ್ರು. ತುಕ್ಕು ತೆಗೆದು, ತುಕ್ಕು ಬರದ ಹಾಗೆ ನಾನು ಹಚ್ಚಿದ ಬಣ್ಣ. ಅಷ್ಟೂ ಭಾನುವಾರ ಅದನ್ನೇ ಮಾಡಿದ್ದು."

ನಾನು ನಿಂತ ನೆಲ ಲಿಫ್ಟಿನ ಹಾಗೆ ಕೆಳಗಿಳಿಯಿತು. ಹಾಗಾದರೆ ನಾನು ತೆಗೆದದ್ದು ರಕ್ಷಣೆಯನ್ನು, ತಂದದ್ದು ತುಕ್ಕನ್ನು!

"ತುಕ್ಕಿನ ಬಣ್ಣದ್ದೇ ಬಣ್ಣ ಹಚ್ಚಿದರೆ ಮನುಷ್ಯರಿಗೆ ಹೇಗ್ರೀ ಗೊತ್ತಾಗ್ಬೇಕು? ಒಂದು ಮಾತು ಹೇಳ್ಬಾರ್ದಾ?"

"ಹೇಳಿದ್ದೆ. ಊಟ ಮಾಡ್ತಾ. ಮೊದಲಿಂದ ಕೊನೆವರೆಗೂ ಹೇಳಿದೆ, ನೀನು ಹೂಂ, ಹೂಂ ಅಂತಿದ್ದೆ."

"ಹೂಂ ಅಂದ್ರೆ ಕೇಳಿಸ್ಕೊಂಡೆ ಅಂತಲ್ಲ ರೀ. ಇನ್ನೂ ಇಲ್ಲೇ ಕೂತಿದ್ದೀನಿ ಅಂತ."

ತಾಳ್ಮೆಯಿಂದ ಕೇಳುವವಳು ಎಂಬ ನನ್ನ ಬಿರುದು ಅಲ್ಲಿಗೆ ಮೆಟ್ಟಿಲಿಳಿದು ಹೋಯಿತು. ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ಬಾಗಿಲಿಗೆ ಬಂದು, ಭಾನುವಾರಕ್ಕೆ ಆಗುತ್ತದೋ ಇಲ್ಲವೋ ಎಂದಷ್ಟೇ ಮಗನನ್ನು ಕೇಳಿದರು. ಆಗುವುದಿಲ್ಲ ಎಂದು ಅವರು ತಲೆಯಾಡಿಸಿದರು. ಮತ್ತೆ ತಿಕ್ಕಬೇಕು, ಪ್ರೈಮರ್ ಹಚ್ಚಬೇಕು, ಅದು ಒಣಗಬೇಕು, ಆಮೇಲೆ ಬಣ್ಣ, ಅದೂ ಒಣಗಬೇಕು. ಇನ್ನೊಂದು ವಾರವಾದರೂ ಬೇಕು ಎಂದರು. ಇನ್ನೊಂದು ವಾರಕ್ಕೆ ಲೈಸೆನ್ಸ್ ಇರುವುದಿಲ್ಲ.

ಅತ್ತೆ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು "ಇರ್ಲಿ ಬಿಡು" ಎಂದರು. ಒಳಗೆ ಹೋಗಿ, ಭಾನುವಾರಕ್ಕೆಂದು ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಹರವಿದ್ದ ಸೀರೆಯನ್ನು ಮಡಿಸಿ ಬೀರುವಿನಲ್ಲಿಟ್ಟರು. ಆ ಬೀರುವಿನ ಬಾಗಿಲು ಮುಚ್ಚಿದ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಶನಿವಾರ ಬೆಳಿಗ್ಗೆ ಮೂಲೆಯಲ್ಲಿ ಕೂತಾಗ ನಾನು ಮೊದಲ ಬಾರಿಗೆ ನಿಯಮ ಮುರಿದು ಬಾಯಿಬಿಟ್ಟೆ. ನನಗೆ ಬುದ್ಧಿ ಕೊಡು ಎಂದು ಕೇಳುವ ಕಾಲ ಮೀರಿತ್ತು. ಅತ್ತೆಗೆ ಏನಾದರೂ ಒಂದು ದಾರಿ ಮಾಡು ಎಂದೆ. ಕಣ್ಣು ಬಿಟ್ಟರೆ ಅತ್ತೆಯೇ ಎದುರಿಗೆ ನಿಂತಿದ್ದರು. ದೇವರು ಇಷ್ಟು ಚುರುಕು ಎಂದು ಗೊತ್ತಿದ್ದರೆ ಮೊದಲೇ ಕೇಳುತ್ತಿದ್ದೆ.

"ರಾತ್ರಿಯೆಲ್ಲ ಯೋಚನೆ ಮಾಡ್ದೆ," ಎಂದರು. "ಬಣ್ಣ ಹಚ್ಚೋದು ಹೊರಗಿಂದ ನೋಡೋರಿಗೆ. ನಾನು ಒಳಗೆ ಕೂತಿರ್ತೀನಿ. ನನಗೆಲ್ಲಿ ಕಾಣುತ್ತೆ? ಎಬ್ಬಿಸು ಅವನನ್ನ."

ಆಮೇಲೆ ನಮ್ಮ ಮನೆ ಕಾರ್ಖಾನೆಯಾಯಿತು. ಯಜಮಾನರು ಉಪ್ಪುಕಾಗದ ಹಿಡಿದರು, ನಾನು ಅವರು ಹೇಳಿದಷ್ಟನ್ನೇ, ಹೇಳಿದ ಮೇಲೆಯೇ ಮಾಡಿದೆ. ಅವರು ಮಾತು ಮುಗಿಸಿದ ಮೇಲೆ ಅದನ್ನು ಒಪ್ಪಿಸಿ ತೋರಿಸಬೇಕಿತ್ತು, ಮಗ್ಗಿಯ ಹಾಗೆ. ತಿಕ್ಕಿದ ಕೂಡಲೇ ಬಟ್ಟೆಯಲ್ಲಿ ಒರೆಸು, ಒರೆಸಿದ ಕೂಡಲೇ ಎಣ್ಣೆ ಸವರು. ಬಣ್ಣವಿಲ್ಲದ, ಎಣ್ಣೆ ಮೆತ್ತಿದ, ಅಲ್ಲಲ್ಲಿ ಮಚ್ಚೆ ಉಳಿದ ಆ ಸಾಮಾನುಗಳನ್ನು ಸಂಜೆಯೊಳಗೆ ಕಾರಿಗೆ ಜೋಡಿಸಿದ್ದಾಯಿತು. ಕಾರು ನೋಡಲು ಯುದ್ಧದಿಂದ ರಜೆಯ ಮೇಲೆ ಬಂದವರ ಹಾಗಿತ್ತು. ಉಳಿದದ್ದು ಸೋಪಿನ ಪೆಟ್ಟಿಗೆಯ ಹಿಂದೆ ಸಿಕ್ಕ ಒಂದೇ ಸ್ಪ್ರಿಂಗು. ಅದನ್ನು ಯಜಮಾನರು ಅತ್ತೆಯ ಸೀಟಿಗೆ ಹಾಕಿದರು. ಪಕ್ಕದ ಸೀಟಿಗೆ ಹಿಡಿತವಿಲ್ಲ, ಅದು ಹಳಿಯ ಮೇಲೆ ತನ್ನಿಷ್ಟದಂತೆ ಜಾರುತ್ತದೆ, ಯಾರೂ ಕೂರಬಾರದು ಎಂದು ಎಚ್ಚರಿಸಿದರು. ಅತ್ತೆ ಒಪ್ಪಲಿಲ್ಲ. ಪಕ್ಕದಲ್ಲಿ ಯಾರಾದರೂ ಕೂತು ಬೀದಿಗೆ ಕೈ ಬೀಸದಿದ್ದರೆ ತಮಗೆ ಗೇರು ಬೀಳುವುದಿಲ್ಲ ಎಂದರು. ಯಾರು ಕೂರಬೇಕೆಂಬುದರಲ್ಲಿ ಚರ್ಚೆಯೇ ಆಗಲಿಲ್ಲ. ಇಬ್ಬರೂ ನನ್ನ ಕಡೆ ನೋಡಿದರು.

ಭಾನುವಾರ ಬೆಳಿಗ್ಗೆ ಅತ್ತೆ ಬೀರುವಿನಿಂದ ಸೀರೆ ತೆಗೆದು ಉಟ್ಟು, ದೂರದ ಕನ್ನಡಕ ಹಾಕಿ, ಸ್ಟೇರಿಂಗಿನ ಹಿಂದೆ ಕೂತರು. ನಾನು ಬೆಲ್ಟು ಬಿಗಿದು ಪಕ್ಕದಲ್ಲಿ. ಯಜಮಾನರು ಹಿಂದಿನ ಸೀಟಿನಲ್ಲಿ, ಒಂದು ಕೈಯಿಂದ ನನ್ನ ಸೀಟಿನ ಬೆನ್ನು ಹಿಡಿದುಕೊಂಡು. ಕಾರು ಹೊರಟಿತು, ನನ್ನ ಸೀಟು ಸರ್ರನೆ ಹಿಂದಕ್ಕೆ ಹೋಗಿ ಅವರ ಮೊಣಕಾಲಿಗೆ ಬಡಿಯಿತು. ಬ್ರೇಕು ಬಿತ್ತು, ನಾನು ಸರ್ರನೆ ಮುಂದಕ್ಕೆ ಹೋಗಿ ಡ್ಯಾಶ್‌ಬೋರ್ಡಿಗೆ ತಲೆ ಬಾಗಿಸಿದೆ. ಪ್ರತಿ ತಿರುವಿನಲ್ಲಿ, ಪ್ರತಿ ಉಬ್ಬಿನಲ್ಲಿ ಇದೇ ಸೇವೆ. ಆ ಒಂದು ಬೆಳಿಗ್ಗೆ ನಾನು ಹಾಕಿದಷ್ಟು ನಮಸ್ಕಾರವನ್ನು ಅಡುಗೆಮನೆಯ ಮೂಲೆಯಲ್ಲಿ ಇಡೀ ಆಯುಷ್ಯದಲ್ಲಿ ಹಾಕಿರಲಾರೆ.

ಅತ್ತೆ ಮಾತ್ರ ಬೇರೆಯೇ ಲೋಕದಲ್ಲಿದ್ದರು. ಮನೆಯಲ್ಲಿ ಗೋಡೆ ಹಿಡಿದು ನಡೆಯುವ ಆ ಹೆಂಗಸಿನ ಬೆನ್ನು ಕೋಲಿನಂತೆ ನೆಟ್ಟಗಾಗಿತ್ತು. ಗೇರು ಬದಲಿಸುವಾಗ ಬಳೆಗಳ ಸದ್ದು, ಅಷ್ಟೆ, ಕಾರು ಕುಲುಕುತ್ತಿರಲಿಲ್ಲ. ಕುಲುಕುತ್ತಿದ್ದವಳು ನಾನೊಬ್ಬಳೇ.

ಕೆರೆ ಏರಿಯ ತಿರುವಿನಲ್ಲಿ ಪೋಲೀಸಿನವನೊಬ್ಬ ಕೈ ಅಡ್ಡ ಹಿಡಿದ. ಕಾರಿನ ಅವತಾರ ನೋಡಿಯೇ ಹಿಡಿದಿರಬೇಕು. ಲೈಸೆನ್ಸ್ ಕೇಳಿದ. ಅತ್ತೆ ಇದನ್ನೇ ಕಾದವರಂತೆ ಚೀಲದಿಂದ ತೆಗೆದುಕೊಟ್ಟರು.

"ಇವತ್ತಿನವರೆಗೆ ಇದೆ ನೋಡಪ್ಪ. ನಾಳೆ ಸಿಕ್ಕಿದ್ರೆ ಹಿಡಿ."

ಅವನು ಅದನ್ನು ಓದಿದ, ಅತ್ತೆಯನ್ನು ನೋಡಿದ, ಮತ್ತೆ ಓದಿದ. ಆಮೇಲೆ ಬಗ್ಗಿ, ಹಣೆ ಕೆಂಪಗಾಗಿದ್ದ ನನ್ನ ಕಡೆ ಬೆರಳು ತೋರಿಸಿ, ಇವರಿಗೇನಾದರೂ ಆರೋಗ್ಯ ಸರಿಯಿಲ್ಲವೇ, ದೂರದಿಂದಲೇ ನೋಡುತ್ತಿದ್ದೇನೆ, ಒಂದೇ ಸಮ ಬಗ್ಗಿ ಏಳುತ್ತಿದ್ದಾರೆ ಎಂದು ವಿಚಾರಿಸಿದ. ಅತ್ತೆ ಗಂಭೀರವಾಗಿ, ಅವಳಿಗೆ ದೈವಭಕ್ತಿ ಜಾಸ್ತಿ ಎಂದರು. ಅವನು ರಸ್ತೆಯ ಮಧ್ಯಕ್ಕೆ ಹೋಗಿ ಎರಡೂ ಕಡೆಯ ಗಾಡಿಗಳನ್ನು ನಿಲ್ಲಿಸಿ, ನಮ್ಮ ಕಾರೊಂದನ್ನೇ ಮುಂದೆ ಬಿಟ್ಟ. ಅತ್ತೆ ಕಿಟಕಿಯಿಂದ ಅವನಿಗೆ ಕೈ ಬೀಸಿದರು. ಬೀಸಬೇಕಾದ ನಾನು ಆಗ ಡ್ಯಾಶ್‌ಬೋರ್ಡಿನಲ್ಲಿದ್ದೆ.

ಮನೆಗೆ ಬಂದು ಅವರು ಕಾರನ್ನು ಹಿಮ್ಮುಖವಾಗಿ, ಒಂದೇ ಸಲಕ್ಕೆ, ಗೋಡೆಗೆ ತಾಗದಂತೆ ಶೆಡ್ಡಿನೊಳಗೆ ತಂದು ನಿಲ್ಲಿಸಿದರು. ಎಂಜಿನ್ನು ಆರಿಸಿದ ಮೇಲೂ ಸ್ವಲ್ಪ ಹೊತ್ತು ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತಿದ್ದರು. ಆಮೇಲೆ ಕೀಲಿಕೈ ತೆಗೆದು ಹಿಂದಕ್ಕೆ ತಿರುಗಿ ಮಗನ ಅಂಗೈಯಲ್ಲಿಟ್ಟರು.

"ತಗೋ. ನಾನಾಗೇ ಬಿಟ್ಟೆ," ಎಂದರು.

ಊಟವಾದ ಮೇಲೆ ಅತ್ತೆ ಹಾಯಾಗಿ ಮಲಗಿದರು. ನಾನು ಹಣೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆ. ಯಜಮಾನರು ಬಂದು ನಿಂತರು. ಅವರ ಮನಸ್ಸು ತುಂಬಿತ್ತು, ಕಣ್ಣೂ ಸ್ವಲ್ಪ. ಅಂಗಿಯ ತೋಳನ್ನು ಮೊಣಕೈವರೆಗೆ ಮಡಿಸಿದ್ದರು. ಒಂದು ಕೈಯಲ್ಲಿ ತಂತಿ ಬ್ರಷ್ಷು, ಇನ್ನೊಂದು ಕೈಯಲ್ಲಿ ವಿನೆಗರಿನ ಉಳಿದ ಬಾಟಲಿ.

"ಏನೇ ಆಗ್ಲಿ, ಅಮ್ಮನಿಗೋಸ್ಕರ ನೀನು ಕೈ ಸವೆಸಿ ತಿಕ್ಕಿದೆಯಲ್ಲ, ನಾನು ಮರೆಯಲ್ಲ," ಎಂದರು. "ನಾನೂ ನಿನಗೆ ಏನಾದ್ರೂ ಮಾಡ್ಬೇಕು. ನಿನ್ನ ಆ ಕಬ್ಬಿಣದ ಬಾಣಲೆ ನೋಡ್ತಾನೇ ಇದ್ದೀನಿ. ಎಷ್ಟು ವರ್ಷದ ಕೊಳೆನೋ, ಕರೀ ಮಸಿ ಆಗಿದೆ. ನೀನು ಹೋಗಿ ಮಲಗು. ಏಳೋದ್ರೊಳಗೆ ಬೆಳ್ಳಿ ಥರ ಮಾಡಿಟ್ಟಿರ್ತೀನಿ."

ಆ ಬಾಣಲೆಯ ಕಪ್ಪು ನಾನು ಮದುವೆಯಾಗಿ ಬಂದ ವರ್ಷದಿಂದ ದಿನದಿನವೂ ಎಣ್ಣೆ ಸವರಿ, ಹದವಾದ ಉರಿಯಲ್ಲಿ ಕಾಯಿಸಿ ಕಾಯಿಸಿ ಕಟ್ಟಿದ ಕಪ್ಪು. ಅದು ಇರುವುದರಿಂದಲೇ ಅದಕ್ಕೆ ಏನೂ ಅಂಟುವುದಿಲ್ಲ, ತುಕ್ಕು ಹತ್ತಿರ ಸುಳಿಯುವುದಿಲ್ಲ. ಸೇಡು ತೀರಿಸಿಕೊಳ್ಳುತ್ತಿದ್ದಾರೋ ಏನೋ ಎಂದು ಅವರ ಮುಖದಲ್ಲಿ ತಮಾಷೆಯನ್ನು ಹುಡುಕಿದೆ. ಒಂದು ಎಳೆಯೂ ಇರಲಿಲ್ಲ. ಭಯ ಹುಟ್ಟಿದ್ದೇ ಅದಕ್ಕೆ. ಆ ಮನುಷ್ಯ ನಿಜವಾಗಿಯೂ, ಮನಸಾರೆ, ನನಗೆ ಉಪಕಾರ ಮಾಡಲು ಬಂದಿದ್ದರು.

ಒದ್ದೆ ಬಟ್ಟೆ ಎಸೆದು ಬಾಣಲೆಯನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡೆ.

"ಬೇಡ ರೀ," ಎಂದೆ. "ನಿಮ್ಮ ಕಾಲಿಗೆ ಬೀಳ್ತೀನಿ. ನನಗೆ ಮಾತ್ರ ಒಳ್ಳೇದು ಮಾಡ್ಬೇಡಿ."